ಬೋಯರ್ ಯುದ್ಧದಲ್ಲಿ ಗಾಂಧೀಜಿ ಬ್ರಿಟಿಷರ ಕಡೆ ಯಾಕೆ ನಿಂತರು? ಮಕ್ಕಳಿಗೆ ಏನು ಹೇಳಲಿ?

ಹೈಸ್ಕೂಲ್ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ಒಂಬತ್ತನೇ ತರಗತಿಯಲ್ಲಿ ದಕ್ಷಿಣ ಆಫ್ರಿಕಾದ ಮಾತು ಬಂತು. ಬೋಯರ್ ಅಂದರೆ ಡಚ್ ಭಾಷೆಯಲ್ಲಿ ರೈತ, ಅವರು 1899ರಿಂದ 1902ರವರೆಗೆ ಬ್ರಿಟಿಷರ ವಿರುದ್ಧ ಹೋರಾಡಿದರು ಅಂತ ಹೇಳಿದೆ. ಗಾಂಧೀಜಿ ಆಗ ಗಾಯಾಳುಗಳನ್ನು ಹೊರುವ ತಂಡ ಕಟ್ಟಿದ್ದರು ಅಂತಲೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ರೈತರು ಬ್ರಿಟಿಷರ ಮೇಲೆ ಯುದ್ಧ ಮಾಡ್ತಿದ್ರೆ ಗಾಂಧೀಜಿ ಬ್ರಿಟಿಷರಿಗೆ ಯಾಕೆ ಸಹಾಯ ಮಾಡಿದ್ರು?"

ನಾಳೆ ಹೇಳುತ್ತೇನೆ ಕೂತ್ಕೋ ಅಂದೆ. ಆ ನಾಳೆ ಬಂದು ನಾಲ್ಕು ದಿನ ಆಯಿತು. ಸುಮ್ನೆ ಒಂದು ಸಾಲು ಹೇಳಿ ಮುಗಿಸುವ ಮನಸ್ಸಿಲ್ಲ. ತಿಳಿದವರು ಹೇಳಿ. ಅಲ್ಲಿ ನ್ಯಾಯ ಯಾರ ಕಡೆ ಇತ್ತು?

ಕಪ್ಪುಮಣ್ಣು
ನ್ಯಾಯ ಬೋಯರರ ಕಡೆಯೇ ಇತ್ತು ಸರ್. ಅದರಲ್ಲಿ ಏನು ಅನುಮಾನ? 1886ರಲ್ಲಿ ಬೋಯರರ ಗಣರಾಜ್ಯವಾದ ಟ್ರಾನ್ಸ್‌ವಾಲ್‌ನಲ್ಲಿ ಚಿನ್ನ ಸಿಕ್ಕಿತು. ಆಮೇಲೆ ಆ ನೆಲ ಬ್ರಿಟಿಷರಿಗೆ ಬೇಕೇ ಬೇಕಾಯಿತು. ಬ್ರಿಟಿಷರ ಕೇಪ್ ವಸಾಹತಿನ ಪ್ರಧಾನಿ, ಗಣಿ ಒಡೆಯ ಸೆಸಿಲ್ ರೋಡ್ಸ್ ಬೆನ್ನಿಗೆ ನಿಂತು 1895ರ ಕೊನೆಯಲ್ಲಿ ತನ್ನ ಆಪ್ತ ಜೇಮ್ಸನ್ ಕೈಯಲ್ಲಿ ದಾಳಿ ಮಾಡಿಸಿದ. ಅದು ಕೆಟ್ಟದಾಗಿ ಸೋತಿತು. ಆಮೇಲೆ ಬ್ರಿಟಿಷ್ ಹೈಕಮಿಷನರ್ ಮಿಲ್ನರ್ ಬಂದು ಯುದ್ಧ ಆಗುವವರೆಗೂ ಬಿಡಲಿಲ್ಲ. ಎರಡು ಸಣ್ಣ ಗಣರಾಜ್ಯಗಳ ಮೇಲೆ ಸಾಮ್ರಾಜ್ಯ ಒಟ್ಟು ಸುಮಾರು ನಾಲ್ಕೂವರೆ ಲಕ್ಷ ಸೈನಿಕರನ್ನು ಇಳಿಸಿತು. ಬೋಯರರು ಎಲ್ಲ ಸೇರಿ ಒಂದು ಲಕ್ಷವೂ ಇರಲಿಲ್ಲ.

ತುಂಗಾತೀರ
ಯುದ್ಧ ಘೋಷಿಸಿದ್ದು ಬೋಯರರು. ಟ್ರಾನ್ಸ್‌ವಾಲ್ ಅಧ್ಯಕ್ಷ ಕ್ರೂಗರ್ ಸರ್ಕಾರ 1899ರ ಅಕ್ಟೋಬರ್ 9ರಂದು ಗಡುವು ಕೊಟ್ಟಿತು, 11ಕ್ಕೆ ಯುದ್ಧ ಶುರು.

ಕಪ್ಪುಮಣ್ಣು
@ತುಂಗಾತೀರ ಗಡಿಯಲ್ಲಿ ಸೈನ್ಯ ಜಮಾಯಿಸುತ್ತಿದ್ದವರು ಯಾರು? ಮನೆ ಮುಂದೆ ದೊಣ್ಣೆ ಹಿಡಿದು ನಿಂತವನಿಗೆ ಹೋಗು ಅಂದರೆ ಜಗಳ ಶುರು ಮಾಡಿದ್ದು ನಾನೇ?

ಸುಬ್ಬಕ್ಕನ ಮೊಮ್ಮಗಳು
ಇಬ್ಬರೂ ಸ್ವಲ್ಪ ನಿಲ್ಲಿ. ಮೇಷ್ಟ್ರೇ, ಮೊದಲು "ರೈತ" ಅನ್ನೋ ಪದ ಸರಿಮಾಡಿ. ನಮ್ಮ ಮಕ್ಕಳಿಗೆ ರೈತ ಅಂದರೆ ಎರಡೆಕರೆ ಹೊಲ, ಸಾಲ, ಮಳೆಗಾಗಿ ಆಕಾಶ ನೋಡುವ ಅಪ್ಪ. ಬೋಯರ್ ಅಂಥವನಲ್ಲ. ಸಾವಿರಾರು ಎಕರೆ ಇಟ್ಟುಕೊಂಡು ಕಪ್ಪು ಜನರ ಕೈಯಲ್ಲಿ ದುಡಿಸುತ್ತಿದ್ದವರು ಅವರಲ್ಲಿ ಬೇಕಾದಷ್ಟು ಇದ್ದರು. ಕೇಪ್ ಬಿಟ್ಟು ಎತ್ತಿನ ಗಾಡಿ ಕಟ್ಟಿಕೊಂಡು ಒಳನಾಡಿಗೆ ಹೊರಟಿದ್ದು 1830ರ ದಶಕದಲ್ಲಿ. ಅದಕ್ಕೆ ಕಾರಣ ಹಲವು. ಬ್ರಿಟಿಷರು 1834ರಲ್ಲಿ ಗುಲಾಮಗಿರಿ ನಿಲ್ಲಿಸಿದ್ದೂ ಅದರಲ್ಲೊಂದು. ಹೋದ ಕಡೆ ನೆಲ ಖಾಲಿ ಬಿದ್ದಿರಲಿಲ್ಲ. ಅದು ಸೋಥೋ, ಟ್ಸ್ವಾನಾ, ಜುಲು ಜನರ ನೆಲ.

ಕಿತ್ತುಕೊಂಡ ನೆಲಕ್ಕಾಗಿ ಇಬ್ಬರು ಬಡಿದಾಡಿದ ಯುದ್ಧ ಇದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ.

ಕಪ್ಪುಮಣ್ಣು
ಅಕ್ಕ, ಒಪ್ಪುತ್ತೇನೆ. ಆದರೆ ಅದರಿಂದ ಬ್ರಿಟಿಷರು ಮಾಡಿದ್ದು ಸರಿಯಾಗಲ್ಲ.

ಸುಬ್ಬಕ್ಕನ ಮೊಮ್ಮಗಳು
ಸರಿ ಅಂತ ನಾನೆಲ್ಲಿ ಹೇಳಿದೆ?

ಕಾಫಿತೋಟ
ಗಾಂಧೀಜಿ ವಿಷಯಕ್ಕೆ ಬನ್ನಿ. ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ, ಮನಸ್ಸಿನಲ್ಲಿ ಸಹಾನುಭೂತಿ ಇದ್ದದ್ದು ಬೋಯರರ ಮೇಲೆ ಅಂತ. ಆದರೂ ಬ್ರಿಟಿಷ್ ಪ್ರಜೆ ಅಂತ ಹಕ್ಕು ಕೇಳುವಾಗ, ಅದೇ ಪ್ರಜೆಯಾಗಿ ಕಷ್ಟಕಾಲದಲ್ಲಿ ಹೆಗಲು ಕೊಡಬೇಕು ಅನ್ನೋದು ಆಗಿನ ಅವರ ಲೆಕ್ಕ. ಇನ್ನೊಂದು ಕಾರಣವೂ ಇತ್ತು. ಆಗ ಅವರು ಇದ್ದದ್ದು ಬ್ರಿಟಿಷ್ ವಸಾಹತು ನೇಟಾಲ್‌ನಲ್ಲಿ. ನೇಟಾಲ್‌ನ ಬಿಳಿಯರು, ಈ ಭಾರತೀಯರು ದುಡ್ಡು ಮಾಡೋಕೆ ಬಂದವರು, ಆಪತ್ತಿನಲ್ಲಿ ಹೊರೆ ಅಷ್ಟೇ ಅಂತ ಮೂದಲಿಸುತ್ತಿದ್ದರು. ಆ ಮಾತು ಸುಳ್ಳು ಅಂತ ತೋರಿಸಬೇಕಿತ್ತು.

ಮೊದಲು ಸರ್ಕಾರ ಬೇಡ ಅಂದಿತು. ಡಿಸೆಂಬರ್‌ನಲ್ಲಿ ಒಂದೇ ವಾರದಲ್ಲಿ ಸ್ಟಾರ್ಮ್‌ಬರ್ಗ್, ಮಾಗರ್ಸ್‌ಫಾಂಟೇನ್, ಕೊಲೆನ್ಸೋ ಮೂರೂ ಕಡೆ ಬ್ರಿಟಿಷರು ಸೋತರು. ಸ್ಟ್ರೆಚರ್ ಹೊರಲು ಎಷ್ಟು ಜನ ಇದ್ದರೂ ಸಾಲದು ಅನ್ನೋ ಸ್ಥಿತಿ ಬಂತು. ಆಮೇಲೆ ತೆಗೆದುಕೊಂಡರು. ಸುಮಾರು 1,100 ಜನ. ಅದರಲ್ಲಿ 800ರಷ್ಟು ಮಂದಿ ಕರಾರಿನ ಕೂಲಿಗಳು.

ತುಂಗಾತೀರ
ಆ 800 ಜನ ಮನಸಾರೆ ಬಂದರಾ, ಇಲ್ಲ ತೋಟದ ಮಾಲೀಕ ಕಳಿಸಿದ್ದಕ್ಕೆ ಬಂದರಾ? ಇದನ್ನ ಯಾರೂ ಕೇಳಲ್ಲ. ಗಾಂಧೀಜಿ ಹೆಸರು ಎಲ್ಲರಿಗೂ ಗೊತ್ತು, ಸ್ಟ್ರೆಚರ್‌ನ ಇನ್ನೊಂದು ತುದಿ ಹಿಡಿದವನ ಹೆಸರು ಯಾರಿಗೆ ಗೊತ್ತು?

ಕಾಫಿತೋಟ
ಒಳ್ಳೆ ಪ್ರಶ್ನೆ. ಒಂದು ಹೆಸರು ನನಗೆ ಗೊತ್ತು. ಆತ ಈ ತಂಡದವನಲ್ಲ, ಆದರೆ ಕರಾರಿನ ಕೂಲಿಯೇ. ಪ್ರಭು ಸಿಂಗ್.

ಲೇಡಿಸ್ಮಿತ್ ಊರನ್ನು ಬೋಯರರು 118 ದಿನ ಮುತ್ತಿದ್ದರು. ಉಂಬುಲ್ವಾನಾ ಗುಡ್ಡದ ಮೇಲೆ ದೊಡ್ಡ ಫಿರಂಗಿ ಇಟ್ಟಿದ್ದರು. ಅದನ್ನ "ಲಾಂಗ್ ಟಾಮ್" ಅಂತ ಕರೆಯುತ್ತಿದ್ದರು. ಗುಂಡು ಊರಿಗೆ ಬಂದು ಬೀಳುವ ಮೊದಲು ಗುಡ್ಡದಲ್ಲಿ ಬೆಂಕಿ ಮಿಂಚುತ್ತಿತ್ತು. ಮಿಂಚಿಗೂ ಗುಂಡಿಗೂ ನಡುವೆ ಸ್ವಲ್ಪ ಹೊತ್ತು, ಅಷ್ಟೇ. ಪ್ರಭು ಸಿಂಗ್ ಕೆಲಸ ಏನು ಗೊತ್ತಾ? ಮರದ ಮೇಲೆ ಕೂತು ಗುಡ್ಡವನ್ನೇ ನೋಡುತ್ತಿರೋದು. ಮಿಂಚು ಕಂಡ ಕೂಡಲೇ ಗಂಟೆ ಬಾರಿಸೋದು. ಕೆಳಗಿದ್ದವರು ಓಡಿ ಅವಿತುಕೊಳ್ಳುತ್ತಿದ್ದರು. ಅವನು ಮಾತ್ರ ಮರದ ಮೇಲೆ.

ಈ ವಿಷಯ ವೈಸ್‌ರಾಯ್ ಕರ್ಜನ್ ತನಕ ಹೋಯಿತು. ಅವನು ಒಂದು ಕಾಶ್ಮೀರಿ ನಿಲುವಂಗಿ ಕಳಿಸಿದ. ಡರ್ಬನ್ ಟೌನ್ ಹಾಲಿನಲ್ಲಿ ಮೇಯರ್ ಅದನ್ನು ಕೊಟ್ಟರು. ಇದನ್ನೂ ಗಾಂಧೀಜಿಯೇ ಬರೆದಿಟ್ಟಿದ್ದಾರೆ.

ಮಂಡಕ್ಕಿ
ಓದಿ ಮೈ ಜುಮ್ ಅಂತು. 118 ದಿನ!

ತುಂಗಾತೀರ
ನಿಲುವಂಗಿ ಕೊಟ್ಟರು. ವೋಟು ಕೊಟ್ಟರಾ? ನೇಟಾಲ್ ಬ್ರಿಟಿಷರದ್ದೇ ಅಲ್ವಾ? ಕರಾರು ಮುಗಿದ ಮೇಲೂ ಅಲ್ಲೇ ಉಳಿಯುವ ಕೂಲಿ ವರ್ಷಕ್ಕೆ 3 ಪೌಂಡ್ ತೆರಿಗೆ ಕಟ್ಟಬೇಕು ಅಂತ 1895ರಲ್ಲೇ ಕಾನೂನು ಮಾಡಿದ್ದರು. 1897ರ ಜನವರಿಯಲ್ಲಿ ಡರ್ಬನ್ ಬೀದಿಯಲ್ಲಿ ಗಾಂಧೀಜಿಗೆ ಹೊಡೆದದ್ದೂ ಇದೇ ನೇಟಾಲ್‌ನ ಬಿಳಿಯರು. ಸುಮಾರು ಮೂರು ವರ್ಷ ಕಳೆದು ಅವರದೇ ಗಾಯಾಳುಗಳನ್ನು ಹೊತ್ತರು. ನನಗೆ ಇದು ಇವತ್ತಿಗೂ ನುಂಗಲಾರದ ತುತ್ತು.

ಸ್ಕೋರ್‌ಬೋರ್ಡ್
ಸ್ಪಿಯಾನ್ ಕಾಪ್ ಗುಡ್ಡದ ಕದನದಲ್ಲೂ ಆ ತಂಡ ಇತ್ತು. 1900ರ ಜನವರಿ 24. ಬ್ರಿಟಿಷರು ಕತ್ತಲಲ್ಲಿ, ಮಂಜಿನಲ್ಲಿ ಗುಡ್ಡ ಹತ್ತಿದರು. ನೆಲ ಬರೀ ಕಲ್ಲು, ಕಂದಕ ಆಳ ತೋಡಲು ಆಗಲಿಲ್ಲ. ಮಂಜು ಸರಿದು ನೋಡಿದರೆ ಸುತ್ತಲಿನ ಎತ್ತರದಲ್ಲಿ ಬೋಯರರು. ಇಡೀ ದಿನ ಗುಂಡು. ಆಮೇಲೆ ಅದೇ ಕಂದಕದಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿ ಮಣ್ಣು ಮುಚ್ಚಿದರು.

ಆ ಜಾಗದಲ್ಲಿ ಮೂವರು ಒಟ್ಟಿಗೆ ಇದ್ದರು. ಬೋಯರರ ದಂಡನಾಯಕ ಲೂಯಿ ಬೋಥಾ, ಸುದ್ದಿ ಹೊತ್ತು ಗುಡ್ಡ ಹತ್ತಿ ಇಳಿಯುತ್ತಿದ್ದ ಚರ್ಚಿಲ್, ಸ್ಟ್ರೆಚರ್ ತಂಡದ ಗಾಂಧೀಜಿ. ಮುಂದೆ ಒಬ್ಬ ದಕ್ಷಿಣ ಆಫ್ರಿಕಾದ ಪ್ರಧಾನಿ, ಇನ್ನೊಬ್ಬ ಬ್ರಿಟನ್ ಪ್ರಧಾನಿ.

ಫುಟ್‌ಬಾಲ್ ನೋಡೋರಿಗೆ ಒಂದು ಮಾತು. ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಮೈದಾನದ "ಕಾಪ್" ಸ್ಟ್ಯಾಂಡ್ ಇದೆಯಲ್ಲ, ಅದರ ಹೆಸರು ಬಂದದ್ದು ಈ ಗುಡ್ಡದಿಂದಲೇ. ಅಲ್ಲಿ ಸತ್ತವರಲ್ಲಿ ಆ ಕಡೆಯ ಹುಡುಗರು ಜಾಸ್ತಿ ಇದ್ದರು.

ಮಂಡಕ್ಕಿ
ಹದಿನೈದು ವರ್ಷದಿಂದ ಲಿವರ್‌ಪೂಲ್ ಮ್ಯಾಚ್ ನೋಡುತ್ತಿದ್ದೇನೆ. ಇದು ಗೊತ್ತೇ ಇರಲಿಲ್ಲ ಅಣ್ಣ.

ದಂಡುಪ್ರದೇಶ
ಚರ್ಚಿಲ್ ಅಂದ ಕೂಡಲೇ ನೆನಪಾಯಿತು. ಆತ ಅದಕ್ಕೂ ಮೊದಲು ನಮ್ಮ ಬೆಂಗಳೂರು ದಂಡಿನಲ್ಲೇ ಇದ್ದ. 1896ರಲ್ಲಿ ಹುಸಾರ್ ಕುದುರೆ ಪಡೆಯ ಜೊತೆ ಬಂದವನು. ಬೆಂಗಳೂರು ಕ್ಲಬ್ಬಿನಲ್ಲಿ ಅವನು ತೀರಿಸದೆ ಹೋದ 13 ರೂಪಾಯಿ ಬಾಕಿಯ ಲೆಕ್ಕಪುಸ್ತಕ ಇವತ್ತಿಗೂ ಇದೆ.

ಕಪ್ಪುಮಣ್ಣು
13 ರೂಪಾಯಿ ಬಿಡಿ. ನಮ್ಮ ದೇಶದಿಂದ ಹೋದದ್ದರ ಲೆಕ್ಕ ಎಲ್ಲಿದೆ? ಯುದ್ಧ ಶುರುವಾಗುವ ಹೊತ್ತಿಗೆ ನೇಟಾಲ್ ಉಳಿಸಿದ್ದೇ ಭಾರತದಿಂದ ಹಡಗಿನಲ್ಲಿ ಹೋದ ಬ್ರಿಟಿಷ್ ಪಡೆ.

ಜೋಬರ್ಗ್ ಕನ್ನಡತಿ
ಇದನ್ನ ಓದಿ ಬರೆಯದೆ ಇರಲು ಆಗಲಿಲ್ಲ. ನಾನು ಆರು ವರ್ಷದಿಂದ ಜೋಹಾನ್ಸ್‌ಬರ್ಗ್‌ನಲ್ಲಿ ಇದ್ದೇನೆ. ಊರು ಹುಣಸೂರು ಕಡೆ. ಇಲ್ಲಿ ಅಬ್ಸರ್ವೇಟರಿ ಅನ್ನೋ ಬಡಾವಣೆಯ ಗುಡ್ಡದ ಮೇಲೆ ಭಾರತೀಯರ ಸ್ಮಾರಕ ಕಂಬ ಇದೆ. ಯುದ್ಧ ಮುಗಿದ ಕಾಲದ್ದು. ಭಾರತದ ಸೈನ್ಯದಲ್ಲಿದ್ದು 1899–1902ರಲ್ಲಿ ಇಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ್ದು.

ಒಂದು ಭಾನುವಾರ ಯಜಮಾನರು, ಮಗಳು, ನಾನು ಮೂವರೂ ಹೋಗಿದ್ದೆವು. ಕಲ್ಲಿನಲ್ಲಿ ಅಧಿಕಾರಿಗಳ ಪದವಿಗಳು ಮೊದಲು. ಆಮೇಲೆ ದನ, ಕುದುರೆ ಡಾಕ್ಟರ ಸಹಾಯಕರು. ಆಮೇಲೆ "ನಾಲಬಂದರು". ಮಗಳು ಹಾಗಂದ್ರೆ ಯಾರಮ್ಮ ಅಂದಳು. ಕುದುರೆಗೆ ಲಾಳ ಕಟ್ಟೋರು ಕಣೇ ಅಂದೆ. ನಮ್ಮ ಅಜ್ಜ ಎತ್ತಿಗೆ ಲಾಳ ಕಟ್ಟಿಸಲು ಸಂತೆಗೆ ಹೋಗುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಕಟ್ಟಿ, ಗೊರಸು ಕೆತ್ತಿ, ಮೊಳೆ ಹೊಡೆಯೋದು ನಾನು ನೋಡಿದ್ದೇನೆ. ಅದೇ ಕೆಲಸದವನೊಬ್ಬ ಎಲ್ಲಿಂದಲೋ ಹಡಗು ಹತ್ತಿ ಬಂದು ಇಲ್ಲಿ ಸತ್ತ. ಈ ಯುದ್ಧದಲ್ಲಿ ಸತ್ತ ಕುದುರೆಗಳೇ 3 ಲಕ್ಷಕ್ಕೂ ಜಾಸ್ತಿ. ಅವನಿಗೆ ಎಷ್ಟು ಕೆಲಸ ಇದ್ದಿರಬೇಕು ಯೋಚಿಸಿ.

ಇದು ಬಿಳಿಯರ ಯುದ್ಧ ಅಂತ ಎರಡೂ ಕಡೆಯವರು ಹೇಳುತ್ತಿದ್ದರು. ಹಾಗಾಗಿ ಭಾರತೀಯ ಸಿಪಾಯಿಗಳನ್ನು ಬಂದೂಕು ಕೊಟ್ಟು ಕಾದಲು ಬಿಡಲಿಲ್ಲ. ಆದರೆ ನೀರು ಹೊರಲು, ಬಟ್ಟೆ ಒಗೆಯಲು, ಕುದುರೆ ನೋಡಿಕೊಳ್ಳಲು ನಮ್ಮವರೇ ಬೇಕಿತ್ತು. ಕಪ್ಪು ಜನರದ್ದೂ ಅದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಬ್ರಿಟಿಷರ ಕಡೆ ದುಡಿದವರೇ 1 ಲಕ್ಷಕ್ಕೂ ಹೆಚ್ಚು.

ಸುಬ್ಬಕ್ಕನ ಮೊಮ್ಮಗಳು
ಎಷ್ಟು ಚೆನ್ನಾಗಿ ಬರೆದಿರಿ. ನಾಲಬಂದ ಅನ್ನೋ ಪದ ನಮ್ಮ ಕಡೆ ಮನೆತನದ ಹೆಸರಾಗಿಯೂ ಇದೆ.

ಹೈಸ್ಕೂಲ್ ಮೇಷ್ಟ್ರು
ಎಲ್ಲರಿಗೂ ಧನ್ಯವಾದ. ಎಲ್ಲ ನೋಟ್ ಮಾಡಿಕೊಳ್ಳುತ್ತಿದ್ದೇನೆ. ಬೋಯರ್ ಹೆಂಗಸರು ಮಕ್ಕಳನ್ನು ಬ್ರಿಟಿಷರು ಕೂಡಿಹಾಕಿದ ಕ್ಯಾಂಪುಗಳ ಬಗ್ಗೆಯೂ ಯಾರಾದರೂ ಬರೆಯಿರಿ. ಅದನ್ನ ಮಕ್ಕಳಿಗೆ ಎಷ್ಟು ಹೇಳಬೇಕು ಅಂತ ತಿಳಿಯುತ್ತಿಲ್ಲ.

ವಾರ್ಡ್ ನಂಬರ್ 6
ನಾನು ನರ್ಸ್. ಕ್ಯಾಂಪುಗಳ ಬಗ್ಗೆ ಓದಿ ಎರಡು ದಿನ ಸರಿಯಾಗಿ ಊಟ ಸೇರಿರಲಿಲ್ಲ.

ಟ್ರಾನ್ಸ್‌ವಾಲ್ ರಾಜಧಾನಿ ಪ್ರಿಟೋರಿಯಾ 1900ರ ಜೂನ್ 5ಕ್ಕೆ ಬ್ರಿಟಿಷರ ಕೈಗೆ ಬಿತ್ತು. ಯುದ್ಧ ಮುಗಿಯಿತು ಅಂದುಕೊಂಡರು. ಬೋಯರ್ ದಂಡನಾಯಕರಾದ ಡಿ ವೆಟ್, ಡಿ ಲಾ ರೇ, ಸ್ಮಟ್ಸ್ ಕುದುರೆ ಹತ್ತಿ ಗೆರಿಲ್ಲಾ ಯುದ್ಧ ಶುರು ಮಾಡಿದರು. ಅವರಿಗೆ ಊಟ, ಸುದ್ದಿ ಎಲ್ಲ ಸಿಗುತ್ತಿದ್ದದ್ದು ತೋಟದ ಮನೆಗಳಿಂದ. ಸರಿ, ಆ ಮನೆಗಳನ್ನೇ ಸುಡಿ ಅಂತ ಆಯಿತು. ಬ್ರಿಟಿಷ್ ದಂಡನಾಯಕ ರಾಬರ್ಟ್ಸ್ ಕಾಲದಲ್ಲೇ ಶುರುವಾಗಿತ್ತು, ಅವನ ಜಾಗಕ್ಕೆ ಕಿಚನರ್ ಬಂದು ಜೋರು ಮಾಡಿದ. ಸುಮಾರು 30,000 ಮನೆ ಸುಟ್ಟರು. ಹೆಂಗಸರು ಮಕ್ಕಳನ್ನು ಗಾಡಿಗೆ, ರೈಲಿಗೆ ತುಂಬಿ ಡೇರೆಗಳಿಗೆ ಸಾಗಿಸಿದರು.

ಎಮಿಲಿ ಹಾಬ್‌ಹೌಸ್ ಅನ್ನೋ ಇಂಗ್ಲಿಷ್ ಹೆಂಗಸು 1901ರ ಜನವರಿಯಲ್ಲಿ ಬ್ಲೂಮ್‌ಫಾಂಟೇನ್ ಕ್ಯಾಂಪಿಗೆ ಹೋದಳು. ರೇಷನ್‌ನಲ್ಲಿ ಸೋಪೇ ಇರಲಿಲ್ಲ. ಅದನ್ನ ಕೊಡಿಸಲು ಆಕೆ ಅಧಿಕಾರಿಗಳ ಜೊತೆ ಗುದ್ದಾಡಬೇಕಾಯಿತು. ಟೈಫಾಯಿಡ್, ದಡಾರ, ಭೇದಿ ಇರುವ ಕಡೆ ಸೋಪಿಲ್ಲ ಅಂದರೆ ಏನಾಗುತ್ತೆ ಅಂತ ನಮ್ಮಂಥವರಿಗೆ ಗೊತ್ತು. ಗಂಡ ಇನ್ನೂ ಶರಣಾಗಿಲ್ಲ ಅಂದರೆ ಆ ಮನೆಯವರಿಗೆ ರೇಷನ್ ಇನ್ನೂ ಕಡಿಮೆ. ಏಳು ವರ್ಷದ ಲಿಜ್ಜಿ ಫಾನ್ ಜೈಲ್ ಅಂಥ ಮನೆಯ ಮಗು. ಅವಳ ಫೋಟೋ ಇದೆ, ಎಲುಬಿನ ಗೂಡು. ಮೇಷ್ಟ್ರೇ, ಅದನ್ನ ಮಕ್ಕಳಿಗೆ ತೋರಿಸಬೇಡಿ. ಹೇಳಿ, ಸಾಕು.

ಸತ್ತವರು ಸುಮಾರು 28,000. ಅದರಲ್ಲಿ 22,000ಕ್ಕೂ ಜಾಸ್ತಿ 16ರೊಳಗಿನ ಮಕ್ಕಳು. ಯುದ್ಧಭೂಮಿಯಲ್ಲಿ ಸತ್ತ ಬೋಯರ್ ಗಂಡಸರಿಗಿಂತ ಮೂರು ಪಟ್ಟಿಗೂ ಹೆಚ್ಚು.

ತುಂಗಾತೀರ
ಕಪ್ಪು ಜನರಿಗೆ ಬೇರೆ ಕ್ಯಾಂಪ್ ಇತ್ತು. ಅದನ್ನೂ ಸೇರಿಸಿ. ದಾಖಲೆಯಲ್ಲಿ ಸಿಕ್ಕ ಸಾವೇ 14,000ಕ್ಕೂ ಹೆಚ್ಚು. ನಿಜವಾದ ಸಂಖ್ಯೆ 20,000 ದಾಟುತ್ತೆ ಅಂತ ಇತಿಹಾಸಕಾರರು ಹೇಳುತ್ತಾರೆ. ಅವರಿಗೆ ಡೇರೆಯನ್ನೂ ಸರಿಯಾಗಿ ಕೊಡಲಿಲ್ಲ, ಕೂಲಿ ಮಾಡಿ ತಿನ್ನಿ ಅಂದರು. ಬೋಯರ್ ಹೆಂಗಸರು ಮಕ್ಕಳ ಸ್ಮಾರಕ ಬ್ಲೂಮ್‌ಫಾಂಟೇನ್‌ನಲ್ಲಿ 1913ರಲ್ಲೇ ಎದ್ದಿತು. ಇವರನ್ನು ನೆನೆಯಲು ತುಂಬಾ ವರ್ಷ ಬೇಕಾಯಿತು.

ವಾರ್ಡ್ ನಂಬರ್ 6
ನಿಜ ಸರ್, ನಾನು ಬಿಡಬಾರದಿತ್ತು.

ಕಾಫಿತೋಟ
ಕಾನ್ಸಂಟ್ರೇಶನ್ ಕ್ಯಾಂಪ್ ಅನ್ನೋದನ್ನ ಬ್ರಿಟಿಷರೇ ಶುರು ಮಾಡಿದ್ದು ಅಂತ ಎಲ್ಲರೂ ಬರೆಯುತ್ತಾರೆ. ಅದು ಸರಿಯಲ್ಲ. 1896ರಲ್ಲೇ ಕ್ಯೂಬಾದಲ್ಲಿ ಸ್ಪೇನಿನವರು ಹಳ್ಳಿ ಜನರನ್ನು ಹೀಗೇ ಕೂಡಿಹಾಕಿದ್ದರು.

ಸುಬ್ಬಕ್ಕನ ಮೊಮ್ಮಗಳು
ಕ್ಯೂಬಾ ತನಕ ಯಾಕೆ ಹೋಗಬೇಕು? ನಮ್ಮಲ್ಲಿ ಪ್ಲೇಗ್ ಕ್ಯಾಂಪು, ಬರಗಾಲದ ಕ್ಯಾಂಪು ಇರಲಿಲ್ವಾ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ನಮ್ಮ ಮುತ್ತಜ್ಜಿ ಕಾಲದ ಮಾತು ಅಜ್ಜಿ ಹೇಳುತ್ತಿದ್ದಳು. ಇಲಿ ಬಿತ್ತು ಅಂದರೆ ಊರೇ ಖಾಲಿ. ಹೊಲದಲ್ಲಿ ಗುಡಿಸಲು. ಬೀಸುವ ಕಲ್ಲು, ಒಂದು ಮೂಟೆ ರಾಗಿ, ದೇವರ ಪೆಟ್ಟಿಗೆ, ಅಷ್ಟೇ ಎತ್ತಿಕೊಂಡು ಹೋಗೋದು. ಸರ್ಕಾರದವರು ಬಂದು ಮನೆ ಹೆಂಚು ತೆಗೆಸಿ ಬಿಸಿಲು ಬಿಡಿಸುತ್ತಿದ್ದರಂತೆ.

ಆಫ್ರಿಕಾದ ಕ್ಯಾಂಪುಗಳಲ್ಲಿ ಸಾವು ಜಾಸ್ತಿಯಾಗಿ ಲಂಡನ್ನಿನಲ್ಲಿ ಗಲಾಟೆ ಎದ್ದ ಮೇಲೆ ಏನು ಮಾಡಿದರು ಗೊತ್ತಾ? ಭಾರತದಲ್ಲಿ ಇಂಥ ಕ್ಯಾಂಪು ನಡೆಸಿ ಅನುಭವ ಇದ್ದ ಅಧಿಕಾರಿಗಳನ್ನೇ ಕರೆಸಿಕೊಂಡರು. ನಮ್ಮ ಜನರನ್ನು ಗುಂಪು ಹಾಕಿ ಕಲಿತ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು.

ಗಣಿಧೂಳು
ನಾನು ಬಳ್ಳಾರಿಯವನು. ಇಲ್ಲಿವರೆಗೆ ಯಾರೂ ನಮ್ಮ ಊರಿನ ಹೆಸರು ಎತ್ತಲಿಲ್ಲ ಅಂತ ಬರೆಯುತ್ತಿದ್ದೇನೆ. ಸೆರೆಸಿಕ್ಕ ಬೋಯರರನ್ನು ಅಲ್ಲೇ ಇಟ್ಟರೆ ತಪ್ಪಿಸಿಕೊಂಡು ಮತ್ತೆ ಯುದ್ಧಕ್ಕೆ ಹೋಗುತ್ತಾರೆ ಅಂತ ಸಮುದ್ರ ದಾಟಿಸಿದರು. ಸೇಂಟ್ ಹೆಲೆನಾ, ಬರ್ಮುಡಾ, ಸಿಲೋನ್. ಭಾರತಕ್ಕೆ ಸುಮಾರು 9,000 ಜನ ಬಂದರು. ಅಹ್ಮದ್‌ನಗರ, ತಿರುಚಿನಾಪಳ್ಳಿ, ನೀಲಗಿರಿಯ ಕೇಟಿ, ಸಾತಾರಾ, ಮತ್ತೆ ನಮ್ಮ ಬಳ್ಳಾರಿ. ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿ, ದೊಡ್ಡ ದಂಡಿನ ಊರು.

ಹೈಸ್ಕೂಲ್ ಮೇಷ್ಟ್ರು
ಬಳ್ಳಾರಿಯಲ್ಲಿ ಬೋಯರ್ ಕೈದಿಗಳಾ! ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ನನಗೆ ಗೊತ್ತಿರಲಿಲ್ಲ.

ಗಣಿಧೂಳು
ಹೌದು ಸರ್. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್‌ನಲ್ಲಿ ಬಂಡೆ ಕಾದು ರಾತ್ರಿ ಹತ್ತು ಗಂಟೆಗೂ ಬಿಸಿ ಉಗುಳುತ್ತೆ. ಬಯಲಿನಲ್ಲಿ ಕುದುರೆ ಓಡಿಸಿಕೊಂಡು ಬೆಳೆದವರು ಇಲ್ಲಿ ಬೇಲಿಯೊಳಗೆ ಕೂತಿದ್ದರು. ಹೊತ್ತು ಹೋಗಲಿ ಅಂತ ಕೈದಿಗಳು ಮರದಲ್ಲಿ, ಎಲುಬಿನಲ್ಲಿ ಪೆಟ್ಟಿಗೆ, ಪೈಪು, ಕೈಕೋಲು ಕೆತ್ತುತ್ತಿದ್ದರು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿದರೆ ಮಾತ್ರ ಮನೆಗೆ ಕಳಿಸುತ್ತೇವೆ ಅಂದರು. ಕೆಲವರು ಆಗಲ್ಲ ಅಂತ ಭಾರತದ ಕ್ಯಾಂಪುಗಳಲ್ಲೇ ಕೂತರು.

ಕಪ್ಪುಮಣ್ಣು
ನೋಡಿ, ಆ ಹಟ ಇದೆಯಲ್ಲ, ಅದಕ್ಕೇ ನನಗೆ ಬೋಯರರ ಮೇಲೆ ಗೌರವ.

ಜೋಬರ್ಗ್ ಕನ್ನಡತಿ
ಅಣ್ಣ, ಹಟದ ಮೇಲೆ ನನಗೂ ಗೌರವ ಇದೆ. ಆದರೆ ಒಪ್ಪಂದವನ್ನೂ ಓದಿ. 1902ರ ಮೇ 31ರ ರಾತ್ರಿ ಪ್ರಿಟೋರಿಯಾದ ಮೆಲ್‌ರೋಸ್ ಹೌಸ್‌ನಲ್ಲಿ ಸಹಿ ಹಾಕಿದರು. ಬೋಯರರ ತೋಟ ಮತ್ತೆ ಕಟ್ಟಲು 30 ಲಕ್ಷ ಪೌಂಡ್. ಎಂಟನೇ ಕಲಮಿನಲ್ಲಿ, ಮೂಲನಿವಾಸಿಗಳಿಗೆ ವೋಟು ಕೊಡುವ ವಿಷಯ ಈ ರಾಜ್ಯಗಳಿಗೆ ಸ್ವಯಮಾಡಳಿತ ಬರುವವರೆಗೆ ತೀರ್ಮಾನ ಮಾಡೋದಿಲ್ಲ ಅಂತ ಬರೆದರು. ಅಂದರೆ ಬೋಯರರ ಕೈಗೆ ಅಧಿಕಾರ ಬಂದ ಮೇಲೆ ನೋಡೋಣ ಅಂತ. ಅವರು ಕೊಡಲ್ಲ ಅಂತ ಬ್ರಿಟಿಷರಿಗೆ ಗೊತ್ತಿರಲಿಲ್ವಾ? 1910ರಲ್ಲಿ ಒಕ್ಕೂಟ ಆಯಿತು, ಬೋಥಾ ಪ್ರಧಾನಿ. 1913ರಲ್ಲಿ ಭೂ ಕಾನೂನು ಬಂತು. ಕಪ್ಪು ಜನರಿಗೆ ಬಿಟ್ಟದ್ದು ದೇಶದ ನೆಲದಲ್ಲಿ ನೂರಕ್ಕೆ ಏಳರಷ್ಟು.

ನನ್ನ ಜೊತೆ ಕೆಲಸ ಮಾಡುವ ಟ್ಸ್ವಾನಾ ಹೆಂಗಸು ಒಬ್ಬರಿದ್ದಾರೆ. ಈ ಯುದ್ಧದ ಮಾತು ಬಂದಾಗ "ಅವರು ರಾಜಿಯಾದ ದಿನ ನಮ್ಮ ಮನೆ ಹೋಯಿತು" ಅಂದರು. ನನಗೆ ಮರುಮಾತು ಹೊರಡಲಿಲ್ಲ.

ತುಂಗಾತೀರ
ನಮ್ಮವರದ್ದೂ ಅಷ್ಟೇ. ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯ ಕಂಡು ಸಿಟ್ಟು ಬರುತ್ತೆ ಅಂತ ಯುದ್ಧದ ಹೊತ್ತಿಗೆ ಭಾಷಣ ಮಾಡಿದ್ದು ಬ್ರಿಟಿಷ್ ಯುದ್ಧ ಮಂತ್ರಿ ಲ್ಯಾನ್ಸ್‌ಡೌನ್. ಆತ ಹಿಂದೆ ನಮ್ಮ ವೈಸ್‌ರಾಯ್ ಆಗಿದ್ದವನು. ಗೆದ್ದ ಮೇಲೆ ಭಾರತೀಯರ ಮೇಲೆ ಬೋಯರರು ಹೇರಿದ್ದ 1885ರ ಕಾನೂನನ್ನು ತೆಗೆಯಲೇ ಇಲ್ಲ, ಇನ್ನೂ ಬಿಗಿ ಮಾಡಿದರು. 1906ರಲ್ಲಿ ಬೆರಳಚ್ಚು ಕೊಡಿ, ಚೀಟಿ ಇಟ್ಟುಕೊಳ್ಳಿ ಅಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಕಾಫಿತೋಟ
ಅಲ್ಲೇ ಸತ್ಯಾಗ್ರಹ ಹುಟ್ಟಿದ್ದು! 1906ರ ಸೆಪ್ಟೆಂಬರ್ 11, ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರ್. ಅದಕ್ಕೇ ಹೇಳೋದು, 1899ರ ಗಾಂಧಿಯನ್ನ 1942ರ ಗಾಂಧಿಯಂತೆ ನೋಡಬೇಡಿ. 30 ವರ್ಷದ ವಕೀಲ. ಬ್ರಿಟಿಷರು ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ ಅಂತ ನಂಬಿದ್ದರು. ಆ ಯುದ್ಧದ ಮೆಡಲನ್ನು 1920ರಲ್ಲಿ ವಾಪಸ್ ಕೊಟ್ಟರು.

ತುಂಗಾತೀರ
ನಡುವೆ 1906ರಲ್ಲಿ ಜುಲು ದಂಗೆಗೂ ಸ್ಟ್ರೆಚರ್ ತಂಡ ಕಟ್ಟಿದರು, ಬ್ರಿಟಿಷರ ಕಡೆಯೇ.

ಕಾಫಿತೋಟ
ಹೌದು. ಅಲ್ಲಿ ಯಾರೂ ಮುಟ್ಟದ ಜುಲು ಗಾಯಾಳುಗಳ ಹುಣ್ಣು ತೊಳೆದದ್ದು ಇದೇ ತಂಡ. ಎರಡನ್ನೂ ಹೇಳಿ ಮೇಷ್ಟ್ರೇ. ಒಂದನ್ನೇ ಹೇಳಬೇಡಿ.

ಮಂಡಕ್ಕಿ
ಮೇಷ್ಟ್ರೇ, ಕ್ಲಾಸಿನಲ್ಲಿ ಏನಾಯಿತು ಅಂತ ಬಂದು ಹೇಳಿ. ಕಾಯುತ್ತಿರುತ್ತೇವೆ.

ಹೈಸ್ಕೂಲ್ ಮೇಷ್ಟ್ರು
ಇವತ್ತು ಪಾಠ ಮಾಡಿದೆ. ಎರಡು ಪೀರಿಯಡ್ ಹಿಡಿಯಿತು. ಬೋರ್ಡಿನ ಮೇಲೆ ಬೋಯರ್, ಬ್ರಿಟಿಷ್ ಅಂತ ಎರಡು ಕಾಲಂ ಹಾಕಿ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಟ್ಸ್ವಾನಾ, ಜುಲು ಜನರನ್ನು, ಲಾಳದವರನ್ನು, ಸ್ಟ್ರೆಚರ್ ಕೂಲಿಗಳನ್ನು ಎಲ್ಲಿ ಬರೆಯೋದು ಅಂತ ಮಕ್ಕಳೇ ಕೇಳಿದರು. ಬೋರ್ಡ್ ಒರೆಸಿ ಮತ್ತೆ ಬರೆದೆ. ಬಳ್ಳಾರಿ ಅಂದಾಗ ಇಡೀ ಕ್ಲಾಸ್ ಗಲಗಲ. ಒಬ್ಬನ ಅತ್ತೆ ಮನೆ ಅಲ್ಲೇ ಕೌಲ್‌ಬಜಾರ್‌ನಲ್ಲಂತೆ.

ಪ್ರಶ್ನೆ ಕೇಳಿದ್ದ ಹುಡುಗಿಗೆ ಉತ್ತರ ಪೂರ್ತಿ ಹಿಡಿಸಲಿಲ್ಲ. "ಗಾಂಧೀಜಿ ಆಗ ತಪ್ಪು ತಿಳ್ಕೊಂಡಿದ್ರು ಅಂತ ಬರೀಲಾ ಸಾರ್?" ಅಂದಳು. ನಿನಗೆ ಹಾಗನಿಸಿದರೆ ಕಾರಣ ಕೊಟ್ಟು ಬರಿ ಅಂದೆ. ಬೆಲ್ ಹೊಡೆದ ಮೇಲೆ ಮತ್ತೆ ಬಂದಳು. ಪ್ರಭು ಸಿಂಗ್ ಊಟಕ್ಕೆ ಇಳಿದಾಗ ಗಂಟೆ ಯಾರು ಹೊಡೀತಿದ್ರು ಅಂತ ಕೇಳಿದಳು.

ಗಣಿಧೂಳು
ಸರ್, ಈ ಭಾನುವಾರ ನಮ್ಮ ಕಂಟೋನ್ಮೆಂಟ್ ಕಡೆಯ ಹಳೇ ಸಮಾಧಿಗಳನ್ನು ನೋಡಿಕೊಂಡು ಬರುತ್ತೇನೆ. ಡಚ್ ಹೆಸರು ಕಂಡರೆ ಫೋಟೋ ಹಾಕುತ್ತೇನೆ. ಆ ಹುಡುಗನ ಅತ್ತೆ ಮನೆಯವರು ಬರೋದಾದರೆ ಬೆಳಿಗ್ಗೆ ಏಳಕ್ಕೇ ಬರಲಿ. ಹತ್ತರ ಮೇಲೆ ಅಲ್ಲಿ ನಿಲ್ಲಲು ಆಗಲ್ಲ.